ಋಣಾತ್ಮಕ ಪುನರ್ಬಲನವೆಂದರೆ ಶಿಕ್ಷೆಯೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಒಂದು ತೋಟದ ಮನೆಯನ್ನು ಕಲ್ಪಿಸಿಕೊಳ್ಳಿ. ಭಾನುವಾರ. ಬಿದ್ದ ತೆಂಗಿನ ಗರಿಗಳನ್ನು ಎಳೆದು ತಂದು ಒಟ್ಟು ಎಂದು ತಾಯಿ ಮಗನನ್ನು ಗದರುತ್ತಲೇ ಇದ್ದಾರೆ. ಅವನು ಎದ್ದೊಡನೆ ಗದರುವುದು ನಿಲ್ಲುತ್ತದೆ. ಮುಂದಿನ ವಾರ ಹುಡುಗ ಇನ್ನೂ ಬೇಗ ಏಳುತ್ತಾನೆ. ಇದನ್ನು ಏನೆಂದು ಕರೆಯುವಿರಿ? ಶಿಕ್ಷಣ ಮನೋವಿಜ್ಞಾನ ಓದಿದವರಲ್ಲಿಯೂ ಹಲವರು 'ಶಿಕ್ಷೆ' ಎಂದುಬಿಡುತ್ತಾರೆ. ಅಲ್ಲ, ಇದು ಋಣಾತ್ಮಕ ಪುನರ್ಬಲನ.

ತಪ್ಪಿನ ಅರ್ಧ ಹೊಣೆ ಪದದ್ದೇ. ಆಡುಮಾತಿನಲ್ಲಿ ಋಣಾತ್ಮಕ ಎಂದರೆ ಕೆಟ್ಟದ್ದು. ಇಲ್ಲಿ ಅದು ಗಣಿತದ ಕಳೆಯುವ ಚಿಹ್ನೆ ಮಾತ್ರ. ಅಹಿತವಾದದ್ದೊಂದು ತೊಲಗಿ, ಅದರಿಂದಾಗಿ ವರ್ತನೆ ಬಲಗೊಂಡಿದೆ. ಸಾವಿರ ಕಾಯಿ ಸುಲಿದರೆ ಇಂತಿಷ್ಟು ಕೂಲಿ ಎಂಬುದು ಧನಾತ್ಮಕ: ಹಿತವಾದದ್ದು ಬಂದು ಸೇರಿತು, ಸುಲಿಯುವ ಕೆಲಸ ಬಲಗೊಂಡಿತು. ಎರಡರಲ್ಲಿಯೂ ವರ್ತನೆ ಹೆಚ್ಚುತ್ತದೆ. ಶಿಕ್ಷೆಯಲ್ಲಿ ಅದು ಕಡಿಮೆಯಾಗಬೇಕು. (ಅಂದಹಾಗೆ, ಆ 'ಪುನರ್' ಏಕೆ? ಇಂಗ್ಲಿಷ್ ಪದದ ಉಪಸರ್ಗವನ್ನು ಹಾಗೆಯೇ ಎತ್ತಿ ತಂದದ್ದಲ್ಲದೆ ಬೇರೆ ಕೆಲಸವೇನೂ ಅದಕ್ಕಿಲ್ಲ.)

ಗೊಂದಲ ಕನ್ನಡಕ್ಕಷ್ಟೇ ಸೀಮಿತವಲ್ಲ. ಬಿ.ಎಫ್. ಸ್ಕಿನ್ನರ್ ಅವರೇ 1938ರ ಗ್ರಂಥದಲ್ಲಿ ಈ ಪದವನ್ನು ಇಂದಿನ 'ಶಿಕ್ಷೆ'ಯ ಅರ್ಥದಲ್ಲಿ ಬಳಸಿದ್ದರು. 1953ರ ಗ್ರಂಥದಲ್ಲಿ ಈಗಿನ ಅರ್ಥಕ್ಕೆ ಬಂದರು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ರೇಡಿಯೋ ಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂತು. ಕೇಳಿದೊಡನೆ ಅರ್ಥವಾಗುವ ಅಂಥ ಹೆಸರಿನ ಭಾಗ್ಯ ಅವರ ಶಾಸ್ತ್ರದ ಪದಗಳಿಗೆ ಒದಗಲಿಲ್ಲ.

ಇದು ಬರಿಯ ಪದಜಗಳವೆಂದು ತಳ್ಳಿಹಾಕಬೇಡಿ. ಬೆತ್ತದ ಏಟನ್ನು 'ಋಣಾತ್ಮಕ ಪುನರ್ಬಲನ'ದ ಉದಾಹರಣೆಯೆಂದು ಬರೆದುಕೊಂಡ ಭಾವೀ ಶಿಕ್ಷಕ, ಏಟು ಕಲಿಕೆಯನ್ನು ಬಲಪಡಿಸುತ್ತದೆಂದೇ ನಂಬುತ್ತಾನೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಶಾಸ್ತ್ರದ ಹೆಸರಿನಲ್ಲಿ ಅದು ಹಿಂಬಾಗಿಲಿನಿಂದ ಒಳಬರಬಾರದು. ಏಟಿಗೆ ಹೆದರಿದ ಹುಡುಗ ಶಾಲೆಗೆ ಚಕ್ಕರ್ ಹೊಡೆದು ತೆಂಗಿನ ತೋಟ ಸೇರಿದನೆನ್ನಿ. ಅಲ್ಲಿ ಭಯ ತೊಲಗಿತು, ನಾಳೆಯೂ ಅಲ್ಲಿಗೇ ಹೋಗುತ್ತಾನೆ. ಋಣಾತ್ಮಕ ಪುನರ್ಬಲನ ನಿಜವಾಗಿ ನಡೆದದ್ದು ಇಲ್ಲಿ. ಬಲಗೊಂಡದ್ದು ಪಾಠವಲ್ಲ, ಗೈರುಹಾಜರಿ.

'ಕೂಡಿಸುವ ಬಲವರ್ಧನೆ', 'ಕಳೆಯುವ ಬಲವರ್ಧನೆ' ಎಂದರೆ ಹೇಗೆ? ಸೊಗಸಾಗಿಲ್ಲ, ಒಪ್ಪುತ್ತೇನೆ. ಒಮ್ಮೆ ನಿಮ್ಮ ತರಗತಿಯಲ್ಲಿ ಈ ಹೆಸರುಗಳಿಂದ ಪಾಠ ಮಾಡಿ, ಗರಿ ಎಳೆಯುವ ಹುಡುಗನ ಪ್ರಶ್ನೆಯನ್ನೇ ಕೇಳಿ ನೋಡಿ.