ಅಪ್ಪನ ಮನೆವಿಮೆ, ಮಗಳ ಲ್ಯಾಪ್‌ಟಾಪ್

ಅಮೆರಿಕದಲ್ಲಿ ಆಗಸ್ಟ್ ಬಂತೆಂದರೆ ಕಾಲೇಜಿಗೆ ಹೊರಟ ಮಕ್ಕಳ ಸಾಮಾನಿನಿಂದ ಕಾರಿನ ಡಿಕ್ಕಿ ಮುಚ್ಚಲು ಬರುವುದಿಲ್ಲ. ಲ್ಯಾಪ್‌ಟಾಪ್, ಪುಟ್ಟ ಫ್ರಿಜ್, ಸೈಕಲ್, ಹಾಸಿಗೆ. ಇದಕ್ಕೆಲ್ಲ ವಿಮೆ ಬೇಡವೇ ಎಂದರೆ ತಂದೆತಾಯಿಯ ಉತ್ತರ ಸಿದ್ಧ: ನಮ್ಮ ಮನೆವಿಮೆಯಲ್ಲೇ ಬರುತ್ತಲ್ಲ! ಬರುತ್ತದೆ, ನಿಜ. ಎಷ್ಟು ಬರುತ್ತದೆ ಎನ್ನುವಲ್ಲೇ ತಕರಾರು.

ಅಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಎಚ್‌ಓ-3 ಮಾದರಿ ಪಾಲಿಸಿಯ 2011ರ ಆವೃತ್ತಿಯನ್ನೇ ನೋಡಿ. ಓದಲೆಂದು ಮನೆ ಬಿಟ್ಟ, 24 ತುಂಬದ ಪೂರ್ಣಾವಧಿ ವಿದ್ಯಾರ್ಥಿಯನ್ನು ಅದು ಮನೆಯವರೆಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಹಾಸ್ಟೆಲಿನಲ್ಲಿಟ್ಟ ಸಾಮಾನಿಗೆ ಮಾತ್ರ ಮಿತಿಯಿದೆ: ಮನೆಯ ಸಾಮಾನಿನ ಒಟ್ಟು ವಿಮಾಮೊತ್ತದ ಶೇ 10. ಒಟ್ಟು 1,50,000 ಡಾಲರ್ ಆದರೆ ಮಗಳ ಕೋಣೆಗೆ 15,000. ಬೆಂಕಿ ಬಿದ್ದರೆ ಇದು ಧಾರಾಳ ಸಾಕು. ಕಳ್ಳತನಕ್ಕೆ ಇನ್ನೊಂದು ಕೊಕ್ಕೆ: ಅದಕ್ಕೆ ಹಿಂದಿನ 90 ದಿನಗಳಲ್ಲಿ ಒಮ್ಮೆಯಾದರೂ ವಿದ್ಯಾರ್ಥಿ ಆ ಕೋಣೆಯಲ್ಲಿ ಇದ್ದಿರಬೇಕು.

ಆದರೆ ವಿದ್ಯಾರ್ಥಿಗಳ ಕೋಣೆಯಲ್ಲಿ ಬೆಂಕಿಗಿಂತ ಹೆಚ್ಚು ಬೀಳುವುದು ಕಾಫಿ. ಸಾಮಾನಿನ ಮಟ್ಟಿಗೆ ಈ ಪಾಲಿಸಿ ಹೆಸರಿಸಿದ 16 ಬಗೆಯ ಅಪಾಯಗಳಿಗಷ್ಟೇ ಹೊಣೆ. ಕೀಬೋರ್ಡಿನ ಮೇಲೆ ಚೆಲ್ಲಿದ ಕಾಫಿ, ಕೈಜಾರಿ ಒಡೆದ ಫೋನ್ ಆ ಪಟ್ಟಿಯಲ್ಲಿಲ್ಲ. ಕದ್ದುಹೋದ ಲ್ಯಾಪ್‌ಟಾಪಿನದೂ ಸುಖದ ಕಥೆಯಲ್ಲ. ಹೆಚ್ಚುವರಿ ಕಂತು ಕಟ್ಟಿ ಹೊಸದರ ಬೆಲೆಗೆ ಒಪ್ಪಂದ ಮಾಡಿಕೊಂಡಿಲ್ಲದಿದ್ದರೆ ಕಂಪನಿ ಕೊಡುವುದು ಸವಕಳಿ ಕಳೆದ ಬೆಲೆ. 1,200 ಡಾಲರಿಗೆ ಕೊಂಡದ್ದು ಮೂರು ವರ್ಷದಲ್ಲಿ 500ಕ್ಕೆ ಇಳಿಯಿತೆನ್ನಿ. ಡಿಡಕ್ಟಿಬಲ್, ಅಂದರೆ ಮೊದಲಿಗೆ ನಾವೇ ಹೊರಬೇಕಾದ ಮೊತ್ತ, 1,000 ಡಾಲರ್ ಇದ್ದರೆ ಕೈಗೆ ಬರುವುದು ಸೊನ್ನೆ. ಮನೆಯ ಯಜಮಾನನ ಅನುಕೂಲಕ್ಕೆ ಬರೆದ ಪಾಲಿಸಿಯಲ್ಲಿ ವಿದ್ಯಾರ್ಥಿಗೆ ಸಿಕ್ಕಿರುವುದು ಮೂಲೆಯ ಜಾಗ.

ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಎಂಎಸ್ ಓದಲು ಹೋದವರಿಗೆ ಆ ಮೂಲೆಯೂ ಇಲ್ಲ. ಅಪ್ಪನ ಮನೆ ಇಲ್ಲಿದೆ. ಅವರು ತಮ್ಮ ಹೆಸರಿನಲ್ಲೇ ಬಾಡಿಗೆದಾರರ ಪಾಲಿಸಿ ತೆಗೆದುಕೊಳ್ಳಬೇಕು. ತಿಂಗಳಿಗೆ ಸುಮಾರು 15 ಡಾಲರಿಗೆ ಸಿಗುವ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸರಕು, ಅದೂ ಸಾಮಾನಿಗಿಂತ ಹೊಣೆಗಾರಿಕೆಯ ಕಾರಣಕ್ಕೆ. ಒಗ್ಗರಣೆಯ ಎಣ್ಣೆ ಹೊತ್ತಿಕೊಂಡು ಪಕ್ಕದ ಮನೆಗೂ ಬೆಂಕಿ ತಗುಲಿದರೆ ಬರುವ ಬಿಲ್ ಎಂಎಸ್ ಸಾಲಕ್ಕಿಂತ ದೊಡ್ಡದಾದೀತು. ಈ ಪಾಲಿಸಿಗಳಲ್ಲಿ ಸಾಮಾನ್ಯವಾಗಿ 1,00,000 ಡಾಲರಿನವರೆಗೆ ಅಂಥ ಹೊಣೆಗೆ ರಕ್ಷಣೆ ಇರುತ್ತದೆ. ರೂಮ್‌ಮೇಟ್ ಹೆಸರು ಸೇರಿಸದಿದ್ದರೆ ಆತನ ಸಾಮಾನಿಗೆ ಏನೂ ಸಿಗದು.

ಎಡವುವುದು ಬಾಡಿಗೆ ಬಿಲ್ಲಿನ ಒಂದು ಸಾಲಿನಲ್ಲಿ. ಕೆಲವು ಅಪಾರ್ಟ್‌ಮೆಂಟ್‌ಗಳು ‘ಲಯಬಿಲಿಟಿ ವೇವರ್’ ಎಂದು ತಿಂಗಳು ತಿಂಗಳೂ ಹಣ ಹಾಕುತ್ತವೆ. ಅದನ್ನೇ ವಿಮೆಯೆಂದು ನಂಬಿ ನಿಶ್ಚಿಂತರಾಗುವವರಿದ್ದಾರೆ. ಸಾಮಾನ್ಯವಾಗಿ ಅದು ಕಾಯುವುದು ಮಾಲೀಕನ ಕಟ್ಟಡವನ್ನು. ಬಾಡಿಗೆದಾರನ ಸೂಟ್‌ಕೇಸಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಹೊರಡುವಾಗ ಅಮ್ಮ ಕೊಟ್ಟ ಬಂಗಾರ. ಒಡವೆ ಕಳುವಾದರೆ ಅದೇ 2011ರ ಮಾದರಿಯಲ್ಲಿ ಸಿಗುವ ಗರಿಷ್ಠ ಪರಿಹಾರ 1,500 ಡಾಲರ್. ಇವತ್ತಿನ ಚಿನ್ನದ ಬೆಲೆಯಲ್ಲಿ ಜೊತೆ ಬಳೆಗೂ ಸಾಲದು. ಪೂರ್ತಿ ರಕ್ಷಣೆ ಬೇಕಿದ್ದರೆ ಬೆಲೆ ಕಟ್ಟಿಸಿದ ಚೀಟಿ ಕೊಟ್ಟು, ಒಡವೆಯನ್ನು ಬೇರೆಯಾಗಿ ನಮೂದಿಸಿ, ಕಂತು ಹೆಚ್ಚು ಕಟ್ಟಬೇಕು.