ಸಮಾಜದ ಮೆಂಬರು ಯಾರು?

ನಮ್ಮೂರಿನ ಹೆಂಗಸರ ಬಾಯಲ್ಲಿ 'ಸೊಸೈಟಿ' ಎಂದರೆ ಒಂದೇ ಅರ್ಥ: ರೇಷನ್ ಕಾರ್ಡು, ಚೀಲ, ಡಬ್ಬಿ ಹಿಡಿದುಕೊಂಡು ಪಾಳಿ ಹಚ್ಚುವ ಜಾಗ. ನಾನು ಚಿಕ್ಕವಳಿದ್ದಾಗ "ಸೊಸೈಟಿಗೆ ಸಕ್ಕರಿ ಬಂದದಂತ" ಎಂಬ ಸುದ್ದಿ ಓಣಿಯ ಈ ತುದಿಯಿಂದ ಆ ತುದಿಗೆ ಮುಟ್ಟಲು ಐದು ನಿಮಿಷ ಸಾಕಾಗುತ್ತಿತ್ತು. ಶಾಲೆಯಲ್ಲಿ ಮಾಸ್ತರರು ಅದೇ ಪದಕ್ಕೆ 'ಸಮಾಜ' ಎಂದು ಅರ್ಥ ಬರೆಸಿದಾಗ ನನಗೆ ನಗು ತಡೆಯಲಾಗಲಿಲ್ಲ. ಚಿಮಣಿ ಎಣ್ಣೆ ಅಳೆದು ಕೊಡುವ ಸೊಸೈಟಿ ಎಲ್ಲಿ, ನಮ್ಮವ್ವ ಮಾತುಮಾತಿಗೆ ಹೆದರುತ್ತಿದ್ದ ಸಮಾಜ ಎಲ್ಲಿ!

ಪದಗಳ ಮೂಲ ನೋಡಿದರೆ ಎರಡೂ ಒಳ್ಳೆಯ ಮನೆತನದವೇ. ಸೊಸೈಟಿಯ ಬೇರು ಲ್ಯಾಟಿನ್ನಿನ 'ಸೋಸಿಯಸ್', ಹಾಗೆಂದರೆ ಜೊತೆಗಾರ. ಇನ್ನು ಸಮಾಜದ ಬಗ್ಗೆ ಅಮರಕೋಶ ಒಂದು ಸ್ವಾರಸ್ಯದ ಭೇದ ಮಾಡುತ್ತದೆ. ಪಶುಗಳ ಗುಂಪು 'ಸಮಜ', ಉಳಿದವರ ಗುಂಪು 'ಸಮಾಜ'. ದನದ ಹಿಂಡಿಗೂ ಜನರ ಕೂಟಕ್ಕೂ ನಡುವೆ ಇರುವುದು ಒಂದೇ ಒಂದು ದೀರ್ಘ! ಆ ದೀರ್ಘವನ್ನು ನಾವು ಎಷ್ಟರಮಟ್ಟಿಗೆ ಉಳಿಸಿಕೊಂಡಿದ್ದೇವೆ ಎಂಬುದೇ ನನ್ನ ಪ್ರಶ್ನೆ.

ಮೊದಲು ಸೊಸೈಟಿಯ ಮಾತು. ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಮುಂದಾಗಿ ನಿಂತು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪಿಸಿದರು. ಹಿಂದಿನ ವರ್ಷ, 1904ರಲ್ಲಿ, ಬಂದ ಕಾಯಿದೆಯಡಿ ದೇಶದಲ್ಲಿ ನೋಂದಣಿಯಾದ ಮೊಟ್ಟಮೊದಲ ಸಂಘಗಳ ಸಾಲಿನಲ್ಲಿ ಅದರ ಹೆಸರಿದೆ. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಅದರ ಉದ್ದೇಶ. ಇಂಥ ಸಂಘಗಳಲ್ಲಿ ನನಗೆ ಬಹಳ ಹಿಡಿಸಿದ ನಿಯಮ ಒಂದುಂಟು. ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ.

ಈ ನಿಯಮದ ಬೆಲೆ ನನಗೆ ತಿಳಿದದ್ದು ನನ್ನ ಚಿಗವ್ವನಿಂದ. ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡವಳು. ಅವಳನ್ನು ಮದುವೆಯಾಗುತ್ತೇನೆಂದು ಒಬ್ಬ ಸಾಲಿ ಮಾಸ್ತರರು ಕೇಳಿಸಿದರು. ಹಿರಿಯರು ಸೇರಿದರು, ಚಹಾ ಕುಡಿದರು, "ಸಮಾಜ ಏನಂದೀತು?" ಎಂದು ಎದ್ದು ಹೋದರು. ಚಿಗವ್ವನನ್ನು ಯಾರೂ ಕೇಳಲಿಲ್ಲ. ಆದರೆ ಗಂಡನ ಹೆಸರಿನಲ್ಲಿದ್ದ ಸೊಸೈಟಿಯ ಷೇರು ಅವಳ ಹೆಸರಿಗೆ ಬಂತು. ವಾರ್ಷಿಕ ಸಭೆಗೆ ಹೋಗಿ, ಬಾಗಿಲ ಹತ್ತಿರ ಸೆರಗು ಹೊದ್ದು ಕುಳಿತು, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ, ಕೈ ಎತ್ತಿ ಬರುತ್ತಿದ್ದಳು. ಎಣಿಸುವವನು ಅವಳ ಕೈಯನ್ನೂ ಊರ ಗೌಡರ ಕೈಯನ್ನೂ ಒಂದೊಂದೆಂದೇ ಎಣಿಸಬೇಕಿತ್ತು.

ಸೊಸೈಟಿಯೇನೂ ದೇವಲೋಕವಲ್ಲ. ತೂಕದಲ್ಲಿ ಹೊಡೆಯುವುದು, ಹೆಂಡತಿಯ ಹೆಸರಿನಲ್ಲಿ ಗಂಡ ಕಾರಭಾರ ಮಾಡುವುದು ಎಲ್ಲವನ್ನೂ ಕಂಡಿದ್ದೇವೆ. ಆದರೂ ಅದಕ್ಕೊಂದು ಬಾಗಿಲಿದೆ, ಸದಸ್ಯರ ಪಟ್ಟಿಯಿದೆ, ತಪ್ಪಾದರೆ ದೂರು ಕೊಡಲು ಮೇಲೊಂದು ಕಚೇರಿಯಿದೆ. ಸಮಾಜಕ್ಕೆ ಇವು ಯಾವುವೂ ಇಲ್ಲ. ತೀರ್ಪು ಮಾತ್ರ ಇದೆ.

ಈ ಸಮಾಜ ಎಂಬ ಪದ ನಮ್ಮ ಬಾಯಲ್ಲಿ ಆಡುವ ಆಟವನ್ನು ಗಮನಿಸಿ. ಭಾಷಣದಲ್ಲಿ 'ಸಮಾಜಸೇವೆ' ಎಂದಾಗ ಅದು ಇಡೀ ಲೋಕದಷ್ಟು ಅಗಲ. ಮಕ್ಕಳ 'ಸಮಾಜ ವಿಜ್ಞಾನ'ದ ಪುಸ್ತಕದಲ್ಲಿಯೂ ಅಷ್ಟೇ. ಅದೇ ಲಗ್ನದ ಮನೆಯಲ್ಲಿ ಪಕ್ಕದಲ್ಲಿ ಕುಳಿತ ಹೆಂಗಸು "ನಿಮ್ಮದು ಯಾವ ಸಮಾಜರೀ?" ಎಂದು ಕೇಳಿದಾಗ ಅದು ಜಾತಿಯಾಗಿ ಕುಗ್ಗುತ್ತದೆ. ಜಾತಿ ಎನ್ನಲು ನಾಲಿಗೆಗೆ ಸಂಕೋಚ. ಸಮಾಜ ಎಂದರೆ ಮರ್ಯಾದೆಯ ಮಾತು. ಹಾಗಾದರೆ "ಸಮಾಜ ಏನಂದೀತು?" ಎಂದು ಹೆದರುವಾಗ ನಾವು ಯಾವ ಸಮಾಜಕ್ಕೆ ಹೆದರುತ್ತೇವೆ? ಲೋಕಕ್ಕಲ್ಲ. ನಮ್ಮ ನಾಲ್ಕು ಮನೆಗೆ. ದೊಡ್ಡ ಪದದ ಮರೆಯಲ್ಲಿ ಸಣ್ಣ ಭಯವನ್ನು ಮುಚ್ಚಿಡುತ್ತೇವೆ.

ಇದನ್ನು ಬರೆಯಲು ನನಗೆ ಅಧಿಕಾರವಿಲ್ಲವೆಂದು ಮೊದಲೇ ಒಪ್ಪಿಕೊಳ್ಳಬೇಕಿತ್ತು. ಕೆಲ ವರ್ಷಗಳ ಹಿಂದೆ ಮಗಳು ತನ್ನ ಜೊತೆ ಕೆಲಸ ಮಾಡುವ, ಬೇರೆ 'ಸಮಾಜ'ದ ಹುಡುಗನನ್ನು ಮೆಚ್ಚಿದ್ದೇನೆಂದಾಗ ನನ್ನ ಬಾಯಿಂದ ಬಂದದ್ದು ಅದೇ ಮಾತು: "ಸಮಾಜ ಏನಂದೀತವ್ವಾ?"

ಅವಳು ಸಿಟ್ಟಾಗಲಿಲ್ಲ. "ಆ ಸಮಾಜದ ಮೆಂಬರ್ ಯಾರ್ಯಾರು ಅದಾರ, ಹೆಸರು ಹೇಳವ್ವಾ. ನಾನೇ ಹೋಗಿ ಕೇಳಿ ಬರ್ತೀನಿ" ಎಂದಳು.

ನಾನು ಎಣಿಸತೊಡಗಿದೆ. ನೆಗೆಣ್ಣಿ. ಎದುರು ಮನೆಯ ಕಾಕು. ಹುಬ್ಬಳ್ಳಿಯ ಸೋದರಮಾವ, ಅವನೋ ಹಾಸಿಗೆ ಹಿಡಿದು ಯಾರ ಗುರುತೂ ಹತ್ತದ ಸ್ಥಿತಿಯಲ್ಲಿದ್ದ. ಮತ್ತೆ ದೂರದ ಬೀಗರೊಬ್ಬರು. ನಾಲ್ಕು ಬೆರಳು ಮಡಚುವಷ್ಟರಲ್ಲಿ ಹೆಸರು ಮುಗಿದವು. ಉಳಿದದ್ದು ಹೆಬ್ಬೆರಳು. ಅಲ್ಲಿ ಯಾರ ಹೆಸರು ಹೇಳಲಿ? ಅವರಾರೂ ಇನ್ನೂ ಬಾಯಿ ತೆರೆದಿರಲಿಲ್ಲ. ಅವರ ಪರವಾಗಿ ಬೇಡವೆಂದು ಹೇಳುತ್ತ ನಿಂತವಳು ನಾನೊಬ್ಬಳೇ. ಚಿಗವ್ವನ ವಿಷಯದಲ್ಲಿ ಚಹಾ ಕುಡಿದು ಎದ್ದು ಹೋದ ಆ ಹಿರಿಯರೂ ಬಹುಶಃ ಹೀಗೆಯೇ ಒಬ್ಬರ ಹೆಸರಿನಲ್ಲಿ ಒಬ್ಬರು ಹೆದರಿದ್ದರು.

ಮದುವೆ ರಿಜಿಸ್ಟರ್ ಕಚೇರಿಯಲ್ಲಿ ಆಯಿತು. ಅಂಥ ಮದುವೆಗೆ ಕಾಯಿದೆಯ ಪ್ರಕಾರ ಮೂವರು ಸಾಕ್ಷಿಗಳು ಬೇಕು. ಹುಡುಗನ ಅಣ್ಣ ಒಬ್ಬ, ನಾನು ಒಬ್ಬಳು. ಮೂರನೆಯವಳಾಗಿ ಬರುತ್ತೀಯಾ ಎಂದು ಚಿಗವ್ವನನ್ನು ಕೇಳಿದೆ. ಎಪ್ಪತ್ತು ದಾಟಿದವಳು, ಬೆಳಗಿನ ಬಸ್ಸಿಗೇ ಬಂದಿಳಿದಳು. ಗುಮಾಸ್ತೆ ರಿಜಿಸ್ಟರು ತಿರುಗಿಸಿ ಇಟ್ಟಾಗ ಸೆರಗು ಸರಿಮಾಡಿಕೊಂಡು, ಸೊಸೈಟಿಯ ಸಭೆಯಲ್ಲಿ ಒತ್ತುತ್ತಿದ್ದ ಹಾಗೆಯೇ ಹೆಬ್ಬೆಟ್ಟು ಒತ್ತಿದಳು.

ನೆಗೆಣ್ಣಿ ಆರು ತಿಂಗಳು ಮಾತು ಬಿಟ್ಟಳು. ಆಮೇಲೆ ಉಪ್ಪಿನಕಾಯಿಯ ಹದ ಕೇಳುವ ನೆಪದಲ್ಲಿ ತಾನೇ ಬಂದಳು. ಗೆಳತಿಯರೇ, ಸಮಾಜ ಏನಂದೀತು ಎಂಬ ಮಾತು ನಿಮ್ಮ ನಾಲಿಗೆಗೂ ಬಂದಾಗ ಒಮ್ಮೆ ಬೆರಳು ಮಡಚಿ ಎಣಿಸಿ ನೋಡಿ.