ಯೂನಿಸ್ ಫೂಟ್ ಮತ್ತು ಗಾಜಿನ ತೊಡಕು

ಅಮೆರಿಕದ ಯೂನಿಸ್ ಫೂಟ್ ಅವರನ್ನು ಹವಾಮಾನ ವಿಜ್ಞಾನದ ತಾಯಿ ಎಂದು ಕೊಂಡಾಡುವ ಉತ್ಸಾಹ ಈಚೆಗೆ ಹೆಚ್ಚಿದೆ. ನೂರೈವತ್ತು ವರ್ಷ ಅವರ ಹೆಸರೆತ್ತದೆ ಇದ್ದುದಕ್ಕೆ ಇದು ಪ್ರಾಯಶ್ಚಿತ್ತವಿರಬಹುದು. ಆದರೆ ಹೊಗಳುವವರಲ್ಲಿ ಎಷ್ಟು ಮಂದಿ 1856ರ ಅವರ ಪುಟ್ಟ ಲೇಖನ ಓದಿದ್ದಾರೋ, ನನಗೆ ಗುಮಾನಿ.

ಅದರಲ್ಲಿನ ಪ್ರಯೋಗ ಸರಳ. ನಾಲ್ಕಂಗುಲ ಅಗಲ, ಮೂವತ್ತಂಗುಲ ಉದ್ದದ ಎರಡು ಗಾಜಿನ ಕೊಳವೆ, ಒಂದೊಂದರಲ್ಲೂ ಎರಡೆರಡು ಥರ್ಮಾಮೀಟರ್. ಅನಿಲ ತುಂಬಿ ಬಿಸಿಲಿಗಿಟ್ಟರು. ಸಾಮಾನ್ಯ ಗಾಳಿ 106 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಇಂಗಾಲದ ಡೈಆಕ್ಸೈಡ್ 125 ಮುಟ್ಟಿತು. ಬಿಸಿಲಿನಿಂದ ತೆಗೆದ ಮೇಲೂ ಬೇಗ ಆರಲಿಲ್ಲ.

ತೊಡಕಿರುವುದು ಆ ಗಾಜಿನಲ್ಲೇ. ಬಿಸಿಲು ಗಾಳಿಯನ್ನು ದಾಟಿ ನೆಲವನ್ನು ಕಾಯಿಸುತ್ತದೆ. ಕಾದ ನೆಲ ಹೊರಸೂಸುವ ಅವಕೆಂಪು ವಿಕಿರಣವನ್ನು ನೀರಾವಿ, ಇಂಗಾಲದ ಡೈಆಕ್ಸೈಡ್ ಹೀರಿ ಒಂದಷ್ಟನ್ನು ಮರಳಿ ಕೆಳಕ್ಕೆ ಸೂಸುತ್ತವೆ. ಹಸಿರುಮನೆ ಪರಿಣಾಮವೆಂದರೆ ಇದು. ಆ ವಿಕಿರಣವನ್ನು ಗಾಜು ದಾಟಗೊಡುವುದೇ ಇಲ್ಲ, ತಾನೇ ಹೀರಿಬಿಡುತ್ತದೆ. ಹಾಗಾದರೆ 125 ಡಿಗ್ರಿ ಎಲ್ಲಿಂದ ಬಂತು? ಬಿಸಿಲಿನಲ್ಲೇ ಇರುವ ಅವಕೆಂಪಿನ ಪಾಲೆಷ್ಟು, ಕಾದ ಗಾಜಿನದೆಷ್ಟು, ಭಾರವಾದ ಅನಿಲ ಶಾಖವನ್ನು ನಿಧಾನವಾಗಿ ಸಾಗಿಸಿದ್ದರಿಂದ ಎಷ್ಟು? ಆ ಕೊಳವೆಯಲ್ಲಿ ಇವನ್ನು ಬಿಡಿಸಿ ನೋಡಲು ಬರುವುದಿಲ್ಲ.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1859ರಲ್ಲಿ ಭೌತವಿಜ್ಞಾನಿ ಜಾನ್ ಟಿಂಡಲ್ ಗೆದ್ದದ್ದು ಇಲ್ಲಿಯೇ. ಅವರು ಕೊಳವೆಯ ತುದಿಗಳಿಗೆ ಕೂರಿಸಿದ್ದು ಗಣಿಯಿಂದ ತೆಗೆದ ಕಲ್ಲುಪ್ಪಿನ ಬಿಲ್ಲೆ. ಅವಕೆಂಪಿಗೆ ಅದು ಅಡ್ಡಬರುವುದಿಲ್ಲ. ಕಾವಿನ ಮೂಲವೂ ಸೂರ್ಯನಲ್ಲ, ಕುದಿನೀರು ತುಂಬಿದ ಲೋಹದ ಡಬ್ಬಿ. ಗಾಳಿಯ ಬಹುಪಾಲಾದ ಸಾರಜನಕ, ಆಮ್ಲಜನಕಗಳು ಈ ಕಾವನ್ನು ಹಾಗೇ ಬಿಟ್ಟುಕೊಡುತ್ತವೆ, ತಡೆಯುವುದು ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಎಂಬುದು ಆಗ ಖಚಿತವಾಯಿತು.

ಫೂಟ್ ಅವರ ಶೋಧವನ್ನು ಟಿಂಡಲ್ ಕದ್ದರು ಎನ್ನುವವರಿದ್ದಾರೆ. ಪುರಾವೆ ಕೇಳಿದರೆ ಸುಮ್ಮನಾಗುತ್ತಾರೆ. ಕದಿಯುವವರು ಗಾಜನ್ನೂ ಕದಿಯುತ್ತಿದ್ದರಲ್ಲವೇ? ಇನ್ನು ಕೆಲವರು, ಭೌತವಿಜ್ಞಾನ ಬಲ್ಲವರೇ, ಫೂಟ್ ಬರಿಯ ಹವ್ಯಾಸಿ ಎಂದು ತಳ್ಳಿಹಾಕುತ್ತಾರೆ. ಇವರ ಮೇಲೆಯೇ ನನಗೆ ಹೆಚ್ಚು ಸಿಟ್ಟು. ವಾತಾವರಣ ಕಾವನ್ನು ಹಿಡಿದಿಡುತ್ತದೆ ಎಂದು ಫ್ರೆಂಚ್ ಗಣಿತಜ್ಞ ಫೂರಿಯೇ 1824ರಲ್ಲೇ ಹೇಳಿದ್ದರು ನಿಜ, ಆದರೆ ಇಂಗಾಲದ ಡೈಆಕ್ಸೈಡಿನತ್ತ ಬೆರಳು ಮಾಡಿರಲಿಲ್ಲ. ಹಿಂದೊಮ್ಮೆ ಗಾಳಿಯಲ್ಲಿ ಈ ಅನಿಲ ಹೆಚ್ಚಿದ್ದಿದ್ದರೆ ಭೂಮಿಯೂ ಹೆಚ್ಚು ಬೆಚ್ಚಗಿದ್ದಿರಬೇಕು ಎಂದು ಬರೆದವರು ಫೂಟ್.

ಪಠ್ಯಪುಸ್ತಕ ಬರೆಯುವವರು ಆ ಊಹೆಯನ್ನು ಅವರ ಹೆಸರಿನಲ್ಲೇ ಕೊಡಲಿ. ಪ್ರಯೋಗದ ಚಿತ್ರ ಹಾಕುವುದಾದರೆ ಟಿಂಡಲ್ ಅವರದ್ದನ್ನು ಹಾಕಲಿ.